ಹಸಿರು ವಲಯದ ಹರಕೆ

ವಿಭಾ ಆ ಹರಕೆಯನ್ನು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂತು, ಹೊರಗೆ ಬಿತ್ತು, ಅಷ್ಟೇ. ಸಿಟಿ ಬಸ್ಸಿನ ಕಂಡಕ್ಟರ್ ಸೀಟಿ ಊದಿದ ಕೂಡಲೇ ಕಾಲು ತಾನಾಗಿ ಮೆಟ್ಟಿಲು ಹುಡುಕುತ್ತದಲ್ಲ, ಹಾಗೆ. ಆದರೆ ನಾಗನಿಗೆ ಹೇಳಿದ ಹರಕೆಯನ್ನು "ಅದು ಸುಮ್ಮನೆ ಬಾಯಿಗೆ ಬಂದದ್ದು ಮಾರಾಯ್ರೆ" ಎಂದು ವಾಪಸು ತೆಗೆದುಕೊಳ್ಳಲಿಕ್ಕೆ ಆಗುತ್ತದಾ? ನಮ್ಮ ಊರಲ್ಲಂತೂ ಆಗುವುದಿಲ್ಲ.

ಕುಲಶೇಖರ ದಾಟಿ ಕೆಳಗೆ ಇಳಿಯುವ ಕಡೆಯ ಎಂಟು ಸರಕಾರಿ ಶಾಲೆಗಳಿಗೆ ವಿಭಾ ಒಬ್ಬಳೇ ಸಿ.ಆರ್.ಪಿ. ಈ ಎಂಟು ಶಾಲೆ ಸೇರಿದರೆ ಒಂದು ಕ್ಲಸ್ಟರ್. ಅದರ ಮೇಲ್ವಿಚಾರಣೆ ಅವಳದ್ದು ಅಂತ ಆರ್ಡರಿನಲ್ಲಿ ಬರೆದಿತ್ತು. ನಿಜ ಹೇಳುವುದಾದರೆ, ಪಾಠದಿಂದ ಬಿಡಿಸಿಕೊಂಡು ಸ್ಕೂಟರಿನಲ್ಲಿ ಓಡಾಡುತ್ತಾ, ಇಲಾಖೆ ಹೇಳಿದ್ದನ್ನು ಶಾಲೆಗೆ, ಶಾಲೆ ಹೇಳಿದ್ದನ್ನು ಇಲಾಖೆಗೆ ಮುಟ್ಟಿಸಿ ಎರಡೂ ಕಡೆಯವರಿಂದ ಬೈಸಿಕೊಳ್ಳುವ ಕೆಲಸ ಅದು. ಆ ವರ್ಷ ಇಲಾಖೆಯಿಂದ ಹೊಸತೊಂದು ಬಂತು. 'ಹಸಿರು ಶಾಲಾ ವಲಯ' ಪ್ರಶಸ್ತಿ. ಒಂದು ಶಾಲೆಗಲ್ಲ, ಇಡೀ ಕ್ಲಸ್ಟರಿಗೆ. ಪರಿಸರ, ಆರೋಗ್ಯ, ಹಸಿರು ಕಲಿಕೆ ಅಂತ ಮೂರು ಭಾಗ, ಮೂರಕ್ಕೂ ಬೇರೆ ಬೇರೆ ಅಂಕ.

ವಿಭಾಳಿಗೆ ಅದು ಬೇಕಿತ್ತು. ಹೇಳಲು ನಾಚಿಕೆಯಾಗುವಷ್ಟು ಬೇಕಿತ್ತು. ದಿನಾ ಬೆಳಿಗ್ಗೆ ಅವಳ ಸ್ಕೂಟರಿನ ಎದುರೇ ಹಳದಿ ವ್ಯಾನುಗಳು ಮಕ್ಕಳನ್ನು ತುಂಬಿಕೊಂಡು ಪಂಪ್‌ವೆಲ್ ಕಡೆಯ ಇಂಗ್ಲಿಷ್ ಮೀಡಿಯಂ ಶಾಲೆಗಳಿಗೆ ಹೋಗುತ್ತಿದ್ದವು. ಮದುವೆಯೂಟದ ಪಂಕ್ತಿಯಲ್ಲಿ ಪಕ್ಕ ಕೂತವರು "ನಿಮ್ಮ ಶಾಲೆಯಲ್ಲಿ ಈಗ ಮಕ್ಕಳು ಉಂಟಾ?" ಎಂದು ಕೇಳುವ ಧಾಟಿಗೆ ಬಡಿಸಿದ ಪಾಯಸ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಯಾರಾದರೂ ಹೊರಗಿನವರು ಒಮ್ಮೆ ಬಂದು ಕಣ್ಣು ಬಿಟ್ಟು ನೋಡಿ, ಇಲ್ಲಿ ಒಳ್ಳೆಯದುಂಟು ಎಂದು ಹೇಳಿದರೆ ಅವಳಿಗೆ ಸಾಕಿತ್ತು.

ಒಳ್ಳೆಯದು ಇಲ್ಲದೆಯೂ ಇರಲಿಲ್ಲ. ಎಂಟು ಶಾಲೆಗಳಲ್ಲಿ ದೊಡ್ಡದಾದ ಪಡ್ಪುಮಜಲು ಶಾಲೆಗೆ ತಾಗಿಕೊಂಡೇ ಒಂದು ನಾಗಬನ ಉಂಟು. ಶಾಲೆಗೆ ಜಾಗ ಕೊಟ್ಟ ಮನೆಯವರದ್ದೇ ಬನ. ಮೊಣಕಾಲೆತ್ತರದ ಮುರಕಲ್ಲಿನ ಗೋಡೆ, ಅದರೊಳಗೆ ಪಾಲೆ, ರೆಂಜೆ, ಬೈನೆ ಮರಗಳು, ಅವುಗಳನ್ನೆಲ್ಲ ಹೆಣೆದುಕೊಂಡ ಬೆತ್ತದ ಬಳ್ಳಿ, ನಡುವೆ ಪಾಚಿ ಹಿಡಿದ ನಾಗನ ಕಲ್ಲು. ಮನೆಯವರು ವರ್ಷಕ್ಕೊಮ್ಮೆ ಹಾಲೆರೆಯುವುದು ಬಿಟ್ಟರೆ ಒಳಗೆ ಯಾರೂ ಕಾಲಿಡುವುದಿಲ್ಲ, ಕಡ್ಡಿಯೊಂದನ್ನೂ ಮುರಿಯುವುದಿಲ್ಲ. ಊರೆಲ್ಲ ಟ್ಯಾಂಕರಿಗೆ ಕಾಯುವ ಏಪ್ರಿಲಿನಲ್ಲೂ ಶಾಲೆಯ ಬಾವಿ ಬತ್ತುತ್ತಿರಲಿಲ್ಲ. ಐದನೇ ಕ್ಲಾಸಿನ ಕಿಟಕಿಯಲ್ಲಿ ಕೂತರೆ ಫ್ಯಾನ್ ಬೇಡ. ಹಕ್ಕಿ ಗುರುತಿಸುವ ಪಾಠವನ್ನು ಮಕ್ಕಳು ಗೋಡೆಯ ಈಚೆ ನಿಂತೇ ಕಲಿಯುತ್ತಿದ್ದರು.

ಇಷ್ಟೆಲ್ಲ ಇರುವಾಗ ಅಂಕ ಬಾರದೆ ಎಲ್ಲಿಗೆ ಹೋಗುತ್ತದೆ ಅಂತ ನೀವು ಕೇಳಬಹುದು. ಅಲ್ಲೇ ಇದ್ದದ್ದು ಗಮ್ಮತ್ತು. ಪರಿಸರ ಭಾಗದಲ್ಲಿ, ಶಾಲೆಯ ಬಳಿ ಹಳೆಯ ಮರ, ಸ್ಥಳೀಯ ಜೀವಿಗಳ ನೆಲೆ ಇದ್ದರೆ ಪೂರ್ತಿ ಅಂಕ ಎಂದಿತ್ತು. ಆರೋಗ್ಯ ಭಾಗದಲ್ಲಿ, ಶಾಲೆಯ ಬಳಿ ಪೊದೆ, ಹಾವು ಸೇರುವ ಜಾಗ ಇದ್ದರೆ ಅಂಕ ಕಡಿತ ಎಂದಿತ್ತು. ವಿಭಾ ಎರಡನ್ನೂ ಓದಿದಳು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದಳು, ಆಮೇಲೆ ಮೇಲಿನ ಆಫೀಸಿಗೆ ಫೋನ್ ಮಾಡಿದಳು.

"ಬನವನ್ನು ಯಾವ ಭಾಗದಲ್ಲಿ ತೋರಿಸುವುದು ಸರ್?"

"ಎರಡರಲ್ಲೂ ತೋರಿಸಿ ಮೇಡಂ."

"ಎರಡರಲ್ಲೂ ತೋರಿಸಿದರೆ ಅಲ್ಲಿ ಸಿಕ್ಕಿದ್ದು ಇಲ್ಲಿ ಹೋಗ್ತದಲ್ಲ ಸರ್?"

ಆ ಕಡೆಯಲ್ಲಿ ಕಾಗದ ಮಗುಚುವ ಸದ್ದು ಕೇಳಿತು. "ಹೌದಲ್ಲ... ನೋಡಿ, ನಿಮ್ಮ ಮಟ್ಟದಲ್ಲೇ ಸರಿ ಮಾಡಿಕೊಳ್ಳಿ."

ಪಡ್ಪುಮಜಲು ಶಾಲೆಯ ಹೆಡ್‌ಮಿಸ್ ಕ್ರಿಸ್ಟಿನ್ ಬಾಯಿ. ಯಾವ ಕಷ್ಟಕ್ಕೂ ಅವರಲ್ಲಿ ತಕ್ಷಣಕ್ಕೊಂದು ಉಪಾಯ ಇರುತ್ತಿತ್ತು, ಅದು ಎಂದೂ ಉಪಯೋಗಕ್ಕೆ ಬರುತ್ತಿರಲಿಲ್ಲ. "ಆರೋಗ್ಯದವರು ಬರುವಾಗ ಬನದ ಎದುರು ಶಾಮಿಯಾನ ಕಟ್ಟಿ ಮುಚ್ಚುವ ವಿಭಾ. ಪರಿಸರದವರು ಬರುವಾಗ ಬಿಚ್ಚುವ," ಎಂದರು. ಡಿಸೆಂಬರಿನಲ್ಲಿ ಪರಿಸರದವರೂ ಆರೋಗ್ಯದವರೂ ಒಂದೇ ಕಾರಿನಲ್ಲಿ ಬಂದಿಳಿದರು.

ಇಬ್ಬರು. ಪರಿಸರದವರು ತಲೆಗೆ ಟೊಪ್ಪಿ ಹಾಕಿದ್ದ ತೆಳ್ಳಗಿನ ಗಂಡಸು, ಆರೋಗ್ಯದವರು ಒಬ್ಬರು ಡಾಕ್ಟರಮ್ಮ. ಟೊಪ್ಪಿಯವರು ಬನದ ಎದುರು ನಿಂತವರು ಅಲ್ಲಿಂದ ಅಲುಗಲೇ ಇಲ್ಲ. ತಲೆ ಮೇಲೆತ್ತಿ, "ಅಬ್ಬಾ, ಸಿಟಿಯ ಒಳಗೆ ಇಂಥದ್ದು!" ಎಂದು ಚಿಕ್ಕ ಮಕ್ಕಳ ಹಾಗೆ ಬಾಯಿ ಬಿಟ್ಟರು. ಡಾಕ್ಟರಮ್ಮ ನೆಲ ನೋಡುತ್ತಾ ನಿಂತಿದ್ದರು. "ಇಲ್ಲಿ ಹಾವು ಬರುವುದಿಲ್ಲವಾ?" ಎಂದು ಕೇಳಿದರು.

"ಇಲ್ಲ ಮೇಡಂ, ಹಾಗೇನೂ..." ಎಂದು ಕ್ರಿಸ್ಟಿನ್ ಬಾಯಿ ಶುರು ಮಾಡುವುದಕ್ಕೂ, ಗೋಡೆಯ ಸಂದಿಯಿಂದ ಒಂದು ದೊಡ್ಡ ಕೇರೆ ಹಾವು ಇಳಿದು ಡಾಕ್ಟರಮ್ಮನ ಚಪ್ಪಲಿಯ ಪಕ್ಕದಿಂದಲೇ ಹೋಗುವುದಕ್ಕೂ ಸರಿಹೋಯಿತು. ಪಾಪದ ಕೇರೆ, ಅದಕ್ಕೆ ಎಂತ ಗೊತ್ತು ಪ್ರಶಸ್ತಿಯ ವಿಷಯ? ಡಾಕ್ಟರಮ್ಮ ಹಾಕಿದ ಬೊಬ್ಬೆಗೆ ಅಡುಗೆ ಕೋಣೆಯಿಂದ ಬಿಸಿಯೂಟ ಮಾಡುವ ಕುಶಲಾ ಸೌಟು ಹಿಡಿದುಕೊಂಡೇ ಓಡಿಬಂದಳು. ಡಾಕ್ಟರಮ್ಮ ಹೋಗಿ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಟೊಪ್ಪಿಯವರು ಅವರನ್ನು ಸಮಾಧಾನ ಮಾಡಲು ಹೋದರು, ಕ್ರಿಸ್ಟಿನ್ ಬಾಯಿ ಕುಡಿಯಲು ಎಳನೀರಿನ ಬೊಂಡ ತರಿಸಲು ಓಡಿದರು.

ವಿಭಾ ಬನದ ಎದುರು ಒಬ್ಬಳೇ ಉಳಿದಳು. ಆಯಿತು, ಎಲ್ಲ ಹೋಯಿತು ಅಂದುಕೊಂಡಳು. ಕಣ್ಣಲ್ಲಿ ನೀರು ಬಂತು, ಹಿಂದೆಯೇ ಸಿಟ್ಟೂ ಬಂತು. ಕೈ ತಾನಾಗಿ ಜೋಡಿಸಿಕೊಂಡಿತು. "ಈ ಒಂದು ಸಲ ಮರ್ಯಾದೆ ಉಳಿಸು ನಾಗಪ್ಪಾ. ಪ್ರಶಸ್ತಿ ಬಂದರೆ ನಿನಗೆ ಒಳ್ಳೆ ಕಲ್ಲಿನ ಕಟ್ಟೆ ಕಟ್ಟಿಸಿಕೊಡ್ತೇನೆ," ಎಂದಳು. ಗಟ್ಟಿಯಾಗಿಯೇ ಎಂದಳು.

ಯಾಕೆ ಕಟ್ಟೆ? ಒಂದು ಸೇರು ಹಾಲು ಅನ್ನಬಹುದಿತ್ತು, ನಾಲ್ಕು ಬೊಂಡ ಅನ್ನಬಹುದಿತ್ತು. ಆದರೆ ಈಗ ಪಂಪ್‌ವೆಲ್‌ನಿಂದ ಸುರತ್ಕಲ್‌ವರೆಗೆ ಯಾವ ಬನ ನೋಡಿದರೂ ಮರ ಕಡಿದು, ನೆಲ ಸಪಾಟು ಮಾಡಿ, ಗ್ರಾನೈಟ್ ಕಟ್ಟೆ ಕಟ್ಟಿ, ಸುತ್ತ ಸ್ಟೀಲಿನ ಬೇಲಿ, ಇಂಟರ್‌ಲಾಕ್ ಹಾಕಿದ್ದೇ. ಅದಕ್ಕೆ ಜೀರ್ಣೋದ್ಧಾರ ಅಂತ ಹೆಸರು. ನಾಗನ ಮೇಲೆ ಭಕ್ತಿ ಇದ್ದವರೆಲ್ಲ ಮಾಡುವುದು ಅದನ್ನೇ, ಹರಕೆ ಹೇಳುವುದೂ ಅದನ್ನೇ. ವಿಭಾಳ ನಾಲಗೆ ಊರಿನ ಬಳಕೆಯಂತೆ ಹೋಯಿತು. ಕಟ್ಟೆ ಎಂದರೆ ಮರ ಹೋಗಬೇಕು ಎಂಬುದು ಆ ಗಳಿಗೆಯಲ್ಲಿ ಅವಳ ಮಂಡೆಗೆ ಹೊಳೆಯಲೇ ಇಲ್ಲ.

ಬೈನೆ ಮರದ ಆಚೆಯಿಂದ ಯಾರೋ ಕೆಮ್ಮಿದರು. ಬನದ ಮನೆಯ ಹಿರಿಯ ಹೆಂಗಸು ಮುದ್ದಕ್ಕ. ಪ್ರಾಯ ಎಂಬತ್ತರ ಮೇಲಾಗಿದ್ದರೂ ಕಿವಿ ಮಾತ್ರ ಬೇಕಾದಷ್ಟು ಚುರುಕು. "ಒಳ್ಳೆದಾಯ್ತು ಟೀಚರ್," ಎಂದರು, ಕಣ್ಣೊರೆಸಿಕೊಳ್ಳುತ್ತಾ. "ನಿಮ್ಮಂತಹ ಭಟ್ರ ಮನೆಯ ಮಗಳ ಬಾಯಲ್ಲಿ ಬರಬೇಕು ಅಂತ ಇತ್ತು ಕಾಣ್ತದೆ."

ಜನವರಿ ಮುಗಿಯುವಾಗ ಫಲಿತಾಂಶ ಬಂತು. ಜಿಲ್ಲೆಗೇ ಮೊದಲನೆಯದು ಇವರ ಕ್ಲಸ್ಟರ್! ಎಂಟೂ ಶಾಲೆಗಳ ವಾಟ್ಸಾಪ್ ಗುಂಪಿನಲ್ಲಿ ಹೂಗುಚ್ಛಗಳ ರಾಶಿ ಬಿತ್ತು. ಕಾರಣವನ್ನೂ ಬರೆದಿದ್ದರು. 'ಪುರಾತನ ನಾಗಬನವನ್ನು ಹಾಗೆಯೇ ಉಳಿಸಿಕೊಂಡು, ಅದರಿಂದಲೇ ನೀರು, ನೆರಳು ಮತ್ತು ಪಾಠ ಪಡೆಯುತ್ತಿರುವ ಮಾದರಿ ವಲಯ.' ಡಾಕ್ಟರಮ್ಮ ಎಷ್ಟು ಅಂಕ ಕಡಿದಿದ್ದರು, ಟೊಪ್ಪಿಯವರು ಎಷ್ಟು ಕೊಟ್ಟಿದ್ದರು, ಆ ದೇವರಿಗೇ ಗೊತ್ತು. ವಿಭಾ ಸ್ಕೂಟರ್ ನಿಲ್ಲಿಸಿ ರಸ್ತೆಬದಿಯಲ್ಲೇ ಸ್ವಲ್ಪ ಅತ್ತಳು.

ಮಾರನೇ ದಿನ ಮುದ್ದಕ್ಕನ ಮಗ ಮೋಹನದಾಸ್ ಲಾಡಿನ ಡಬ್ಬಿ ಹಿಡಿದು ಸ್ಟಾಫ್‌ರೂಮಿಗೆ ಬಂದರು. ಹಲವು ವರ್ಷ ಮಸ್ಕತಿನಲ್ಲಿದ್ದು ಬಂದು ಈಗ ಪಂಪ್‌ವೆಲ್‌ನಲ್ಲಿ ಟೈಲ್ಸ್ ಅಂಗಡಿ ಇಟ್ಟವರು. ಮುಖದಲ್ಲಿ ಸಂತೋಷ ಹಿಡಿಸುತ್ತಿರಲಿಲ್ಲ.

"ಟೀಚರ್, ನಾಗ ಕೊಟ್ಟುಬಿಟ್ಟ ಅಲ್ವಾ! ಬರುವ ವಾರವೇ ಕೆಲಸ ಶುರು. ಮರ ಕಡಿಯುವವರಿಗೆ ಹೇಳಿ ಆಯ್ತು. ಕಲ್ಲು ನನ್ನ ಅಂಗಡಿಯದ್ದೇ, ನಿಮ್ಮ ಕೈಯಿಂದ ಎಂತದೂ ಬೇಡ. ನೀವು ಹರಕೆ ಹೇಳಿದ್ದೇ ದೊಡ್ಡದು."

ಬಾಯಿಗಿಟ್ಟ ಲಾಡು ವಿಭಾಳ ಬಾಯಲ್ಲೇ ನಿಂತಿತು. "ಮರ ಕಡಿಯುವುದಾ?"

"ಕಡಿಯದೆ ಕಟ್ಟೆ ಎಲ್ಲಿ ಕಟ್ಟುವುದು ಟೀಚರ್?"

"ಅಲ್ಲ ಮೋಹನಣ್ಣ, ಪ್ರಶಸ್ತಿ ಬಂದದ್ದೇ ಆ ಮರಗಳಿಗೆ."

"ಹೌದು. ಅದಕ್ಕೇ ಅಲ್ವಾ ಹರಕೆ ತೀರಿಸಬೇಕಾದ್ದು?"

ಮೋಹನದಾಸ್ ದನಿ ತಗ್ಗಿಸಿದರು. ಮಗ ಜಿತೇಶ್ ದುಬೈಯಲ್ಲಿದ್ದಾನೆ, ಸೊಸೆ ಅಶ್ಮಿತಾಳಿಗೆ ಎರಡು ಸಲ ಹೊಟ್ಟೆಯಲ್ಲಿ ನಿಂತದ್ದು ಉಳಿಯಲಿಲ್ಲ. ಜೋಯಿಸರಲ್ಲಿ ಕೇಳಿದರೆ ಬನ ಜೀರ್ಣೋದ್ಧಾರ ಆಗಬೇಕು ಅಂತ ಕಂಡಿದೆ. ಆದರೆ ಅಣ್ಣತಮ್ಮಂದಿರು ಒಬ್ಬ ಹೂಂ ಎಂದರೆ ಒಬ್ಬ ಊಹೂಂ. "ಈಗ ಟೀಚರೇ ಹೇಳಿದ್ದಾರೆ ಎಂದ ಮೇಲೆ ಎಲ್ಲರೂ ಒಪ್ಪಿದರು. ನನ್ನ ಸೊಸೆ ಫೋನಿನಲ್ಲಿ ಎಷ್ಟು ಖುಷಿಯಲ್ಲಿ ಮಾತಾಡಿದಳು ಗೊತ್ತುಂಟಾ? ನಿಮಗೆ ಪುಣ್ಯ ಬರಲಿ." ಹೇಳುತ್ತಾ ಡಬ್ಬಿಯಿಂದ ಇನ್ನೊಂದು ಲಾಡು ತೆಗೆದು ಅವಳ ಕೈಗಿಟ್ಟರು. ಇಂಥ ಮನುಷ್ಯನ ಹತ್ತಿರ ಜಗಳ ಮಾಡುವುದಾದರೂ ಹೇಗೆ?

ಅಂದಿನಿಂದ ವಿಭಾಳ ಮಂಡೆ ಬಿಸಿ ಇಳಿಯಲಿಲ್ಲ. ಹರಕೆ ತೀರಿಸಿದರೆ ಬನ ಹೋಗುತ್ತದೆ. ತೀರಿಸದಿದ್ದರೆ ನಾಗದೋಷ. ನಾಗದೋಷ ಎಂಬುದೇ ಇಲ್ಲ ಎಂದು ಏಳನೇ ಕ್ಲಾಸಿಗೆ ಮೂಢನಂಬಿಕೆಯ ಪಾಠ ಮಾಡಿದ್ದು ಇವಳೇ. ಹಾಗಾದರೆ ಹರಕೆಯನ್ನು ಮರೆತುಬಿಡಬಹುದಲ್ಲ? ಮರೆತುಬಿಡುವ ಎಂದುಕೊಂಡ ಸಂಜೆಯೇ ಮಗಳು ಸಂಚಿತಾ ಮೊಣಕೈ ತುರಿಸಿಕೊಳ್ಳುತ್ತಾ ಬಂದಳು. ಪ್ರತಿ ಬೇಸಿಗೆಗೂ ಅವಳಿಗೆ ಅಲ್ಲಿ ಕಜ್ಜಿಯಾಗುತ್ತದೆ, ಮುಲಾಮು ಹಚ್ಚಿದರೆ ಹೋಗುತ್ತದೆ. ಗೊತ್ತಿದ್ದದ್ದೇ. ಆದರೂ ವಿಭಾಳ ಎದೆ ಧಸಕ್ಕೆಂದಿತು. ನಾಗ ಮುನಿದರೆ ಮೊದಲು ಚರ್ಮಕ್ಕೇ ಬರುವುದು ಅಂತ ಹುಟ್ಟಿದಂದಿನಿಂದ ಕೇಳಿದವಳು ಅವಳು. ಮುಲಾಮು ಹಚ್ಚುತ್ತಾ, ಓದಿದವಳು ನಾನು, ಇದೆಂತ ಕರ್ಮ ಎಂದು ತನ್ನ ಮೇಲೇ ಸಿಟ್ಟು ಬಂತು.

ಕ್ರಿಸ್ಟಿನ್ ಬಾಯಿಯಲ್ಲಿ ಹೇಳಿಕೊಂಡಳು.

"ಬಾಯಿಮಾತು ಅಲ್ವಾ ಮಾರಾಯ್ತಿ, ಕ್ಯಾನ್ಸಲ್ ಮಾಡು," ಎಂದರು ಅವರು ಹಗುರವಾಗಿ.

"ನೀವು ಇಗರ್ಜಿಯಲ್ಲಿ ಸಂತ ಅಂತೋನಿಗೆ ಏನಾದರೂ ಹೇಳಿ ಕ್ಯಾನ್ಸಲ್ ಮಾಡ್ತೀರಾ?"

ಕ್ರಿಸ್ಟಿನ್ ಬಾಯಿ ಯೋಚಿಸಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. "ಅಯ್ಯೋ, ನನ್ನಿಂದ ಸಾಧ್ಯ ಇಲ್ಲ ಮಾರಾಯ್ತಿ."

ಅಷ್ಟರಲ್ಲಿ ಮೇಲಿನ ಆಫೀಸಿನಿಂದ ಇನ್ನೊಂದು ಫೋನ್. ಪ್ರಶಸ್ತಿ ಪ್ರದಾನದ ದಿನ ತೋರಿಸಲು ಬನದ ವಿಡಿಯೋ ಬೇಕು. ವಿಭಾ ಮೋಹನದಾಸರಲ್ಲಿ, ವಿಡಿಯೋ ತೆಗೆಯುವವರೆಗಾದರೂ ನಿಲ್ಲಿಸಿ ಎಂದಳು. "ಹೊಸ ಕಟ್ಟೆಯದ್ದೇ ವಿಡಿಯೋ ತೆಗೆಯಲಿ ಟೀಚರ್, ಲೈಟಿಂಗ್ ಹಾಕಿಸಿಕೊಡುವ," ಎಂದರು ಅವರು. ನಿಜವಾಗಿಯೂ ಸಹಾಯ ಮಾಡುವ ಮನಸ್ಸಿನಿಂದಲೇ ಎಂದರು.

ಕೊನೆಗೆ ಅವಳು ಅಪ್ಪನ ಹತ್ತಿರ ಹೋದಳು. ಮೊದಲೇ ಹೋಗಬೇಕಿತ್ತು, ಆದರೆ ಬೈಗುಳಕ್ಕೆ ಹೆದರಿ ಹೋಗಿರಲಿಲ್ಲ. ಅಪ್ಪ ವಿಠಲ ಭಟ್ಟರು ಕುಲಶೇಖರದ ಹತ್ತಿರ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಸುತ್ತಮುತ್ತಲಿನ ಮನೆಗಳ ನಾಗನಿಗೆ ಹಾಲೆರೆಯುವುದು, ಪೂಜೆ ಮಾಡುವುದು ಎಲ್ಲ ಅವರೇ. ಪಡ್ಪುಮಜಲಿನ ಬನಕ್ಕೂ ಅವರೇ. ವಿಭಾ, ಅವಳ ಗಂಡ ಶ್ರೀನಂದನ, ಮಗಳು ಎಲ್ಲ ಇರುವುದು ಅವರ ಜೊತೆಯಲ್ಲೇ. ಹಾಗಾಗಿ ಹತ್ತಿರ ಹೋದಳು ಎಂದರೆ ಅಡುಗೆಮನೆಯಿಂದ ಜಗಲಿಗೆ ಹೋದಳು, ಅಷ್ಟೇ. ಭಟ್ಟರು ದರ್ಭೆ ಕಟ್ಟುತ್ತಾ ಕೂತಿದ್ದರು. ಮೋಹನದಾಸ್ ಮೊದಲೇ ಬಂದು ಹೇಳಿ ಹೋಗಿದ್ದರು. ಕೆಲಸ ಶುರುವಾಗುವ ಮೊದಲು ನಾಗನ ಅಪ್ಪಣೆ ಕೇಳುವ ಪ್ರಾರ್ಥನೆ ಮಾಡಬೇಕಾದವರು ಇವರೇ ಅಲ್ಲವೇ?

"ನೀನು ಮಕ್ಕಳಿಗೆ ಹೇಳುವ ಪಾಠ ಎಂತ, ನಾಗನ ಎದುರು ಹೇಳಿದ್ದು ಎಂತ? ನಾಲಗೆಗೆ ಎಲುಬಿಲ್ಲವಾ ನಿನಗೆ?" ಅಂತ ಶುರು ಮಾಡಿದರು. ಬೈದರು, ಸಾಕಷ್ಟು ಬೈದರು. ವಿಭಾ ಕಂಬಕ್ಕೆ ಒರಗಿ ಕೇಳಿದಳು.

ಬೈದು ಮುಗಿದ ಮೇಲೆ ಮೆಲ್ಲಗೆ ಕೇಳಿದಳು, "ಅಪ್ಪ, ನಾಗನಿಗೆ ಮರ ಬೇಕಾ, ಕಟ್ಟೆ ಬೇಕಾ?"

ಭಟ್ಟರ ಕೈ ನಿಂತಿತು. "ಯಾರಿಗೆ ಗೊತ್ತು? ಎಷ್ಟು ಬನದ ಕಟ್ಟೆಗೆ ನಾನೇ ನಿಂತು ಪ್ರತಿಷ್ಠೆ ಮಾಡಿಸಿದ್ದೇನೆ. ಕೇಳಿದರು, ಮಾಡಿಕೊಟ್ಟೆ. ಮರ ಕಡಿಯುವಾಗ ನೋಡಲಿಕ್ಕೆ ಆಗದೆ ಆಚೆ ಹೋಗಿ ನಿಲ್ಲುತ್ತಿದ್ದೆ. ಒಂದು ಸಲವಾದರೂ ಬೇಡ ಅಂದದ್ದಿಲ್ಲ. ಅನ್ನಬೇಕಿತ್ತೋ ಏನೋ. ನನಗೂ ಸರಿ ಗೊತ್ತಾಗುವುದಿಲ್ಲ."

ಅಪ್ಪನ ಬಾಯಲ್ಲಿ 'ಗೊತ್ತಾಗುವುದಿಲ್ಲ' ಎಂಬ ಮಾತನ್ನು ವಿಭಾ ಕೇಳಿದ್ದು ಅದೇ ಮೊದಲು. ಅವಳಿಗೆ ಇನ್ನಷ್ಟು ಗಾಬರಿಯಾಯಿತು.

"ಹರಕೆ ಬದಲಿಸಲಿಕ್ಕೆ ಆಗುವುದಿಲ್ಲವಾ?"

"ತಪ್ಪುಕಾಣಿಕೆ ಹಾಕಿ ಕ್ಷಮೆ ಕೇಳಬಹುದು. ಒಪ್ಪಿದನೋ ಇಲ್ಲವೋ ಅಂತ ಅವನು ಬಂದು ಹೇಳ್ತಾನಾ? ಒಪ್ಪದಿದ್ದರೆ ಹೇಳಿದವಳಿಗೆ ತಗಲುತ್ತದೆ, ಅವಳ ಮಕ್ಕಳಿಗೆ ತಗಲುತ್ತದೆ."

ಒಳಗಿನ ಕೋಣೆಯಲ್ಲಿ ಸಂಚಿತಾ ಯಾವುದೋ ವಿಡಿಯೋ ನೋಡಿ ನಗುತ್ತಿದ್ದಳು. ಇಬ್ಬರೂ ಸ್ವಲ್ಪ ಹೊತ್ತು ಆ ನಗು ಕೇಳುತ್ತಾ ಕೂತರು. "ಹಾಗಾದರೆ ಕಡಿಯಲಿ ಅಪ್ಪ," ಎಂದಳು ವಿಭಾ. "ಮಗಳಿಗಿಂತ ನನಗೆ ಮರ ದೊಡ್ಡದಲ್ಲ. ನೀವು ಪ್ರಾರ್ಥನೆ ಮಾಡಿಬಿಡಿ."

ಭಟ್ಟರು ದರ್ಭೆ ಕಟ್ಟುವುದನ್ನು ಮುಂದುವರಿಸಿದರು.

ಕೆಲಸ ಶುರುವಾಗುವ ದಿನ ಬೆಳಿಗ್ಗೆ ಬನದ ಎದುರು ಮೋಹನದಾಸರ ಕುಟುಂಬದವರೆಲ್ಲ ಸೇರಿದ್ದರು. ಮರ ಕಡಿಯುವ ಕ್ಯಾಲ್ವಿನ್ ಹಗ್ಗ, ಮಿಷನ್ ಗರಗಸ ಹಿಡಿದು ಪಾಲೆ ಮರದ ಬುಡ ನೋಡುತ್ತಾ ನಿಂತಿದ್ದ. ಮುದ್ದಕ್ಕನಿಗೆ ಕುರ್ಚಿ ಹಾಕಿದ್ದರು. ದುಬೈಯಿಂದ ಜಿತೇಶ್, ಅಶ್ಮಿತಾ ವಿಡಿಯೋ ಕಾಲಿನಲ್ಲಿದ್ದರು, ಮೋಹನದಾಸ್ ಫೋನನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದರು. ಶಾಲೆಯ ಕಡೆಯಿಂದ ಪ್ರಾರ್ಥನೆಯ ಗಂಟೆ ಕೇಳಿತು. ವಿಭಾ ಹಿಂದೆ, ಕ್ರಿಸ್ಟಿನ್ ಬಾಯಿಯ ಪಕ್ಕ, ಯಾರ ಮುಖವನ್ನೂ ನೋಡದೆ ನಿಂತಳು. ಮರಗಳನ್ನು ನೋಡುವ ಧೈರ್ಯವೂ ಇರಲಿಲ್ಲ.

ಇಲ್ಲೊಂದು ಕ್ರಮ ಹೇಳಬೇಕು. ಪ್ರಾರ್ಥನೆ ಅಂದರೆ ನಮ್ಮಲ್ಲಿ ಮನಸ್ಸಿನೊಳಗೆ ಮಾಡುವಂಥದ್ದಲ್ಲ. ಕೈಯಲ್ಲಿ ಹೂವು, ಅಕ್ಕಿಕಾಳು ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ, ಮನೆಯವರ ಪರವಾಗಿ ಭಟ್ಟರು ಹೇಳುತ್ತಾರೆ. ನೆರೆದವರು ಕೈಮುಗಿದು ನಿಲ್ಲುತ್ತಾರೆ. ಹೂವು ಕಲ್ಲಿನ ಮೇಲೆ ಬಿತ್ತೆಂದರೆ ಮುಗಿಯಿತು. ಹೇಳಿದ್ದು ಹೇಳಿದ ಹಾಗೆ ನಡೆಯಬೇಕು. ಆಮೇಲೆ ಅದನ್ನು ತಿದ್ದುವವರು ಯಾರೂ ಇಲ್ಲ.

ಭಟ್ಟರು ಒದ್ದೆ ಪಂಚೆಯಲ್ಲಿ ನಾಗನ ಕಲ್ಲಿನ ಎದುರು ನಿಂತು ತುಳುವಿನಲ್ಲಿ ಶುರು ಮಾಡಿದರು. ಈ ಮಣ್ಣಿನ ಮೂಲ ನೀನು, ಈ ಮನೆಯವರು ನಿನ್ನ ಮಕ್ಕಳು, ಬೇಸಾಯವಿದ್ದ ಕಾಲದಿಂದ ನಿನ್ನನ್ನು ನಂಬಿಕೊಂಡು ಬಂದವರು. ಎಲ್ಲ ಎಂದಿನ ಮಾತು, ಎಂದಿನ ರಾಗ. ಆಮೇಲೆ ದನಿ ನಿಂತಿತು. ಮರೆತರೋ ಏನೋ ಎಂದುಕೊಂಡು ಮೋಹನದಾಸ್ ತಲೆ ಎತ್ತಿ ನೋಡಿದರು.

"ನನ್ನ ಮಗಳು ಬಾಯಿ ತಪ್ಪಿ ನಿನಗೊಂದು ಹರಕೆ ಹೇಳಿದ್ದಾಳೆ," ಎಂದರು ಭಟ್ಟರು. "ಅದನ್ನು ತೀರಿಸಲಿಕ್ಕೆ ನಿನ್ನ ನೆರಳನ್ನೇ ಕಡಿಯಬೇಕಾಗ್ತದೆ. ನಮ್ಮಿಂದ ಆಗುವುದಿಲ್ಲ. ಮರ ಇದ್ದ ಹಾಗೇ ಇರಲಿ, ನೀನು ಇದ್ದ ಹಾಗೇ ಇರು. ಇದರಲ್ಲಿ ತಪ್ಪು ಕಂಡರೆ ಅವಳ ಮೇಲೆ ಹಾಕಬೇಡ. ಅವಳ ಮಗಳ ಮೇಲೆ ಹಾಕಬೇಡ. ಈ ಮನೆಯವರ ಮೇಲೂ, ಸಮುದ್ರದಾಚೆ ಇರುವ ಆ ಸೊಸೆಯ ಮೇಲೂ ಹಾಕಬೇಡ. ಬೇಡ ಎಂದವನು ನಾನು. ಬರುವುದೆಲ್ಲ ನನ್ನ ಮೇಲೆ ಬರಲಿ."

ಹೂವು ಕಲ್ಲಿನ ಮೇಲೆ ಬಿತ್ತು.

ಮುಗಿದ ಕೈಗಳು ಮುಗಿದ ಹಾಗೇ ಇದ್ದವು. ಫೋನಿನಿಂದ "ಎಂತಾಯ್ತು ಮಾವ? ಕೇಳಿಸ್ಲಿಲ್ಲ," ಎಂದು ಅಶ್ಮಿತಾ ಕೇಳುತ್ತಿದ್ದಳು.

"ಭಟ್ರೆ, ಇದೆಂತ ನೀವು ಮಾಡಿದ್ದು?" ಮೋಹನದಾಸರ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. "ನನ್ನ ಸೊಸೆಗೆ ನಾನು ಎಂತ ಹೇಳಲಿ?"

"ಅವಳ ಪಾಲಿನದ್ದೂ ನಾನೇ ಕೇಳಿಕೊಂಡೆನಲ್ಲ ಮೋಹನ." ಭಟ್ಟರು ಕೈ ಒರೆಸಿಕೊಂಡರು. "ನಾಳೆಯಿಂದ ದಿನಾ ಬಂದು ಅವಳ ಹೆಸರಲ್ಲಿ ಹಾಲೆರೆಯುತ್ತೇನೆ. ನೀನು ಬಾ ಅಂದರೂ ಬರ್ತೇನೆ, ಬೇಡ ಅಂದರೂ ಬರ್ತೇನೆ."

ಮೋಹನದಾಸ್ ಇನ್ನೂ ಏನೋ ಹೇಳಲು ಹೋದರು. ಮುದ್ದಕ್ಕ ಕುರ್ಚಿಯಿಂದ ಎದ್ದು ನಿಂತರು. "ಸಾಕು ಮಗಾ. ಹೂವು ಬಿದ್ದಾಯಿತು," ಎಂದರು. ಅವರ ಮುಖದಲ್ಲಿದ್ದದ್ದು ಬೇಸರವೋ ಸಮಾಧಾನವೋ ವಿಭಾಳಿಗೆ ತಿಳಿಯಲಿಲ್ಲ. ಕ್ಯಾಲ್ವಿನ್ ಆಗಲೇ ಹಗ್ಗ ಸುತ್ತುತ್ತಿದ್ದ. "ನಾನಂತೂ ಹತ್ತುವುದಿಲ್ಲ ಸಾಹುಕಾರ್ರೆ, ನನಗೂ ಹೆಂಡತಿ ಮಕ್ಕಳು ಉಂಟು," ಎಂದ.

ಮನೆಗೆ ಹೋಗುವ ದಾರಿಯುದ್ದಕ್ಕೂ ವಿಭಾ ಸ್ಕೂಟರಿನಲ್ಲಿ ಅತ್ತಳು, ಹಿಂದೆ ಕೂತ ಅಪ್ಪ "ರಸ್ತೆ ನೋಡು, ರಸ್ತೆ ನೋಡು" ಎನ್ನುತ್ತಿದ್ದರು. ಇಳಿದ ಮೇಲೆ, "ಯಾಕೆ ಹಾಗೆ ಹೇಳಿದಿರಿ ಅಪ್ಪ? ನಾನು ಒಪ್ಪಿಕೊಂಡಿದ್ದೆನಲ್ಲ?" ಎಂದು ಕೇಳಿದಳು. ಅವರು ಕಾಲು ತೊಳೆದುಕೊಂಡು ಒಳಗೆ ಹೋದರು. ಹಸಿವಾಗ್ತದೆ, ಬಡಿಸು ಎಂದರು.

ಪ್ರಶಸ್ತಿ ಪ್ರದಾನ ಮಾರ್ಚಿನಲ್ಲಿ, ಪೇಟೆಯ ಒಂದು ಎಸಿ ಹಾಲ್‌ನಲ್ಲಿ. ದೊಡ್ಡ ಪರದೆಯ ಮೇಲೆ ಬನದ ವಿಡಿಯೋ ಓಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಟು ಶಾಲೆಗಳ ಟೀಚರುಗಳು ಒಂದೇ ಬಣ್ಣದ ಸೀರೆಯಲ್ಲಿ ಸಾಲಾಗಿ ಕೂತಿದ್ದರು. ಭಾಷಣಕ್ಕೆ ನಿಂತವರು, ಈ ವಲಯದ ಶಿಕ್ಷಕರು ಮಕ್ಕಳಲ್ಲೂ ಊರವರಲ್ಲೂ ವೈಜ್ಞಾನಿಕ ಮನೋಭಾವ ಬೆಳೆಸಿದ್ದರಿಂದಲೇ ಈ ಮರಗಳು ಉಳಿದವು ಎಂದರು. ಕ್ರಿಸ್ಟಿನ್ ಬಾಯಿ ವಿಭಾಳನ್ನು ಮೊಣಕೈಯಿಂದ ತಿವಿದು ನಗು ತಡೆದುಕೊಂಡರು. ವಿಭಾಳಿಗೆ ನಗು ಬರಲಿಲ್ಲ. ಬೆಳಿಗ್ಗೆ ಹೊರಡುವಾಗ ಅಪ್ಪ ಬೆನ್ನು ತುರಿಸುತ್ತದೆ ಎಂದಿದ್ದರು. ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಫೋನ್ ಮಾಡಿದಳು. ತೆಗೆಯಲಿಲ್ಲ. ಇನ್ನೊಮ್ಮೆ ಮಾಡಿದಳು, ಇಲ್ಲ. ಎಸಿಯಲ್ಲೂ ಬೆವರು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಪರೀಕ್ಷೆಗೆ ಓದಲು ಮನೆಯಲ್ಲೇ ಇದ್ದ ಸಂಚಿತಾಳಿಗೆ ಮಾಡಿದಳು.

"ಅಜ್ಜ ಎಲ್ಲಿ?"

"ಮಲಗಿದ್ದಾರೆ ಅಮ್ಮಾ."

"ಎಬ್ಬಿಸು."

"ಈಗ ತಾನೇ ಮಲಗಿದ್ದು. ನಿನಗೆ ಪ್ರೈಜ್ ಸಿಕ್ಕಿತಾ?"

"ಎಬ್ಬಿಸು ಅಂದೆನಲ್ಲ!" ದನಿ ಜೋರಾಯಿತು. ಎದುರಿನ ಸಾಲಿನವರು ತಿರುಗಿ ನೋಡಿದರು.

ಮಂಚದ ಕಿರುಗುಟ್ಟುವಿಕೆ ಕೇಳಿತು, ಮಗಳು ಗೊಣಗುವುದು ಕೇಳಿತು, ಆಮೇಲೆ ಅಪ್ಪನ ಕೆಮ್ಮು. "ಎಂತ?" ಎಂದರು, ನಿದ್ದೆಗಣ್ಣಿನ ಸಿಟ್ಟಿನಲ್ಲಿ.

"ಬೆನ್ನು ಹೇಗುಂಟು ಅಪ್ಪ?"

"ಬೆವರುಸಾಲೆ ಮಾರಾಯ್ತಿ. ಈ ಸೆಕೆಗೆ ಬಾರದೆ ಇರ್ತದಾ? ಅದಕ್ಕೆ ಎಬ್ಬಿಸಿದ್ದಾ?"

"ಹೌದು... ಅಲ್ಲ. ಸುಮ್ಮನೆ ಕೇಳಿದೆ." ನಂಬುವುದಿಲ್ಲ ಎಂದರೆ ಸುಳ್ಳು, ನಂಬುತ್ತೇನೆ ಎಂದರೂ ಸುಳ್ಳು. ವೇದಿಕೆಯಲ್ಲಿ ಇವರ ಕ್ಲಸ್ಟರಿನ ಹೆಸರು ಕರೆಯುತ್ತಿದ್ದರು. ಕ್ರಿಸ್ಟಿನ್ ಬಾಯಿ ಭುಜ ಹಿಡಿದು ಅಲುಗಾಡಿಸಿದರು.

"ನಿನಗೆ ಹೆದರಿಕೆ ಆಗ್ತದಾ?" ಎಂದು ಕೇಳಿದರು ಅಪ್ಪ. ಸಿಟ್ಟು ಇಳಿದಿತ್ತು.

"ಆಗ್ತದೆ ಅಪ್ಪ."

ಆ ಕಡೆ ಮಂಚ ಇನ್ನೊಮ್ಮೆ ಕಿರುಗುಟ್ಟಿತು, ಅವರು ಎದ್ದು ಕೂತಿರಬೇಕು.

"ನನಗೂ ಆಗ್ತದೆ ಮಗಾ," ಎಂದರು. "ಹೂವು ಹಾಕುವಾಗಲೂ ಆಗ್ತಿತ್ತು."

ಚಪ್ಪಾಳೆ ಜೋರಾಯಿತು. ವಿಭಾ ಫೋನನ್ನು ಕಿವಿಯಿಂದ ತೆಗೆಯದೆಯೇ ಎದ್ದು ವೇದಿಕೆಯ ಕಡೆ ನಡೆದಳು.